ನಂಜು ಇಳಿದರೆ ರೋಗ ವಾಸಿಯಾಯಿತೇ?

ಕೆಲವು ತಿಂಗಳ ಹಿಂದೆ ಸೇಡಂ-ಚಿಂಚೋಳಿ ಭಾಗದ ಊರೊಂದರ ಮಸೀದಿಯಲ್ಲಿ ಜುಮಾ ನಮಾಝಿನ ಬಳಿಕ ಆಡಳಿತ ಸಮಿತಿಯ ಸಭೆ ಸೇರಿತ್ತು. ಆಹ್ವಾನದ ಮೇರೆಗೆ ನಾವೂ ಅಲ್ಲಿದ್ದೆವು. ಬೈತುಲ್ ಮಾಲ್‌ನ ಮುಂದಿದ್ದ ಅರ್ಜಿಗಳಲ್ಲಿ ಒಂದು, ಕುಂಚಾವರಂ ಕಡೆಯಿಂದ ಬಂದು ಆ ಊರಿನಲ್ಲಿ ನೆಲೆಸಿದ ವಿಧವೆ ತಾಯಿಯೊಬ್ಬರದು. ಅವರ ಮಗ ಇಪ್ಪತ್ತಾರರ ತರುಣ. ಹದಿನೇಳನೆಯ ವಯಸ್ಸಿನಲ್ಲಿ ಲಾರಿಯ ಕ್ಲೀನರ್ ಆಗಿ ಗಡಿ ದಾಟುತ್ತಿದ್ದಾಗ ಸೇಂದಿಯ ರುಚಿ ಹತ್ತಿತು; ಅನಂತರ ಮದ್ಯ, ಅದರ ಜೊತೆಗೆ ನಿದ್ರೆಯ ಮಾತ್ರೆ. ಹಿಂದಿನ ವರ್ಷ ಜಮಾಅತ್ ಹಣ ಕೂಡಿಸಿ ಅವನನ್ನು ಮೂವತ್ತು ದಿನಗಳ ಮಟ್ಟಿಗೆ ಖಾಸಗಿ ಕೇಂದ್ರವೊಂದಕ್ಕೆ ಸೇರಿಸಿತ್ತು. ಅವನು ಮೈಕೈ ತುಂಬಿಕೊಂಡು ಮರಳಿದ. ಫಜ್ರ್ ನಮಾಝಿನ ಮೊದಲ ಸಾಲಿನಲ್ಲಿ ಕಾಣಿಸತೊಡಗಿದ. ತಾಯಿ ಮೊಹಲ್ಲಾಕ್ಕೆಲ್ಲ ಸಿಹಿ ಹಂಚಿದರು. ಐದನೆಯ ತಿಂಗಳಲ್ಲಿ ಅವನು ಮತ್ತೆ ಬಾಟಲಿ ಹಿಡಿದ.

ಈಗ ತಾಯಿ ಇನ್ನೊಮ್ಮೆ ಚಿಕಿತ್ಸೆಗೆ ನೆರವು ಕೋರಿದ್ದರು. ಸಭೆಯ ಅಭಿಪ್ರಾಯ ಬಹುತೇಕ ಒಂದೇ ಆಗಿತ್ತು: ಒಮ್ಮೆ ಕೊಟ್ಟಾಗಿದೆ, ಅವನಿಗೆ ತಿದ್ದಿಕೊಳ್ಳುವ ಮನಸ್ಸಿಲ್ಲ, ತೂತು ಕೊಡಕ್ಕೆ ನೀರು ಸುರಿಯುವುದೇಕೆ? ಬಾಗಿಲಿನಾಚೆ ನಿಂತಿದ್ದ ಆ ತಾಯಿ ದಖನಿ ಬೆರೆತ ಕನ್ನಡದಲ್ಲಿ ಕೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ಸದರ್ ಸಾಬ್, ನಮ್ಮ ಮನಿಯವರಿಗೆ ಸಕ್ಕರಿ ಬ್ಯಾನಿ ಇತ್ತು. ಅವರು ಸಾಯೋ ತನಕ ಗುಳಿಗಿಗೆ ರೊಕ್ಕ ಕೊಟ್ರಿ. ಒಂದ್ ಸಲ ಕೊಟ್ಟೀವಿ, ಇನ್ನ ಸಾಕು ಅಂತ ಯಾರೂ ಅನ್ನಲಿಲ್ರಿ. ನನ್ನ ಮಗಂದು ಬ್ಯಾನಿ ಅಲ್ಲೇನ್ರಿ?"

ಸಭೆಯಲ್ಲಿ ಯಾರೂ ಉತ್ತರಿಸಲಿಲ್ಲ. ಅರ್ಜಿಯನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಆ ಸಮಿತಿಯವರು ಕೆಟ್ಟವರಲ್ಲ. ಬಡವರ ಹೆಣ್ಣುಮಕ್ಕಳ ಮದುವೆಗೆ, ಅನಾಥರ ಶಿಕ್ಷಣಕ್ಕೆ ತಮ್ಮ ಜೇಬಿನಿಂದ ತೆಗೆದು ಕೊಟ್ಟವರು. ಆದರೆ ಒಂದು ತಪ್ಪು ತಿಳಿವಳಿಕೆ ಅವರ ಕೈ ಕಟ್ಟಿಹಾಕಿತ್ತು. ವ್ಯಸನಕ್ಕೆ ಒಂದು ತಿಂಗಳ ಚಿಕಿತ್ಸೆ ಸಾಕು, ಅಷ್ಟರಲ್ಲಿ ಸರಿಹೋಗದವನು ಸರಿಹೋಗಲಾರ ಎಂಬ ತಿಳಿವಳಿಕೆ ಅದು. ನಮ್ಮ ಜಮಾಅತ್‌ಗಳಲ್ಲಿ, ಮನೆಗಳಲ್ಲಿ, ಕೆಲವೊಮ್ಮೆ ಮಿಂಬರಿನ ಮೇಲೂ ಬೇರೂರಿರುವ ಈ ತಿಳಿವಳಿಕೆ ಸುಳ್ಳು. ಸುಳ್ಳಾಗಿರುವುದಷ್ಟೇ ಅಲ್ಲ, ಅದು ನಮ್ಮ ಮಕ್ಕಳನ್ನು ಕೊಲ್ಲುತ್ತಿದೆ.

ಕುಂಚಾವರಂ ಭಾಗದವರಿಗೆ ಇದನ್ನು ವಿವರಿಸಲು ದೂರದ ಉದಾಹರಣೆ ಬೇಕಿಲ್ಲ. ಅಲ್ಲಿಂದ ತುಸು ದೂರ ಸಾಗಿದರೆ ತೆಲಂಗಾಣ. ಸಿ.ಎಚ್. ಪೌಡರ್ ಎಂಬ ಹೆಸರು ಈ ಗಡಿಯಲ್ಲಿ ಯಾರಿಗೂ ಹೊಸದಲ್ಲ. ಕ್ಲೋರಲ್ ಹೈಡ್ರೇಟ್ ಎಂಬ ನಿದ್ರಾಜನಕ ರಾಸಾಯನಿಕದ ಅಡ್ಡಹೆಸರು ಅದು. ಈಚಲ ಮರದ ರಸ ಬೇಡಿಕೆಗೆ ಸಾಲದೆ ಹೋದಾಗ ನೀರಿಗೆ ಈ ಪುಡಿಯನ್ನೂ, ಡಯಜೆಪಾಮ್, ಅಲ್ಪ್ರಝೋಲಾಮ್‌ನಂತಹ ನಿದ್ರೆಯ ಔಷಧಗಳನ್ನೂ ಬೆರೆಸಿ ಸೇಂದಿಯೆಂದು ಮಾರುವ ದಂಧೆ ದಶಕಗಳಷ್ಟು ಹಳೆಯದು. ಕುಡಿಯುವವನು ತಾನು ಸೇಂದಿ ಕುಡಿಯುತ್ತಿದ್ದೇನೆಂದು ಭಾವಿಸುತ್ತಾನೆ. ಅವನ ಮೆದುಳು ಮಾತ್ರ ಔಷಧದ ದಾಸನಾಗಿರುತ್ತದೆ.

2015ರಲ್ಲಿ ತೆಲಂಗಾಣ ಸರಕಾರ ಕಲಬೆರಕೆ ಸೇಂದಿಯ ವಿರುದ್ಧ ಕಠಿಣ ಕ್ರಮ ಕೈಗೊಂಡಿತು. ಕ್ರಮ ಸರಿಯಾದುದೇ. ಆದರೆ ಆ ವರ್ಷದ ಸೆಪ್ಟೆಂಬರಿನಲ್ಲಿ ಆದುದೇನು? ಪೂರೈಕೆ ಹಠಾತ್ತನೆ ನಿಂತಾಗ ನಿಜಾಮಾಬಾದ್, ಮಹಬೂಬನಗರ ಮೊದಲಾದ ಜಿಲ್ಲೆಗಳ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಕೆಲವರಿಗೆ ಫಿಟ್ಸ್ ಬಂತು, ಕೆಲವರ ಕುತ್ತಿಗೆ ಸೆಟೆದುಕೊಂಡಿತು, ಕೆಲವರು ಇಲ್ಲದವರೊಡನೆ ಮಾತನಾಡುತ್ತ ಓಡಾಡಿದರು. ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆ ತುಂಬಿತುಳುಕಿತು. ಸಾವುಗಳೂ ಸಂಭವಿಸಿದವು. ಈ ಜನ ಸೇಂದಿ ಕುಡಿದು ಆಸ್ಪತ್ರೆ ಸೇರಿದವರಲ್ಲ, ಕುಡಿಯುವುದು ನಿಂತಾಗ ಆಸ್ಪತ್ರೆ ಸೇರಿದವರು! ಸೇಂದಿಯಂಗಡಿಗೆ ಬೀಗ ಹಾಕಿದ ಕೈ ಚಿಕಿತ್ಸೆಯ ಬಾಗಿಲನ್ನು ತೆರೆದಿಡಲು ಮರೆತಿತ್ತು. ದಂಧೆಯಂತೂ ಸಾಯಲಿಲ್ಲ. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿಗೆ ಮತ್ತೆ ಹಲವರು ಬಲಿಯಾದರು.

ಇದರಿಂದ ಕಲಿಯಬೇಕಾದ ಮೊದಲ ಪಾಠ ಸರಳ. ವ್ಯಸನವೆಂದರೆ ಕೇವಲ ಮನಸ್ಸಿನ ಚಪಲವಲ್ಲ, ದೇಹದೊಳಗೆ ಆದ ಬದಲಾವಣೆ. ಮದ್ಯ ಮತ್ತು ನಿದ್ರಾಜನಕಗಳು ಮೆದುಳನ್ನು ಮಂಕಾಗಿಸುತ್ತವೆ. ಪ್ರತಿದಿನ ಹೀಗಾದಾಗ ಮೆದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಸಮತೋಲ ಕಾಯ್ದುಕೊಳ್ಳುತ್ತದೆ. ಒಂದು ದಿನ ಮದ್ಯ ನಿಂತರೆ ಆ ಉದ್ರೇಕ ಮಾತ್ರ ಉಳಿಯುತ್ತದೆ. ಕೈ ನಡುಗುತ್ತದೆ, ಬೆವರು ಹರಿಯುತ್ತದೆ, ನಿದ್ರೆ ಹಾರಿಹೋಗುತ್ತದೆ. ಕೊನೆಯ ಗುಟುಕಿನ ನಂತರದ ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳೊಳಗೆ ಸನ್ನಿಯೂ ಹಿಡಿಯಬಹುದು. ಆದ್ದರಿಂದಲೇ ವರ್ಷಗಟ್ಟಲೆ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆಂದು ಹೊರಡುವುದು ಪ್ರಾಣಕ್ಕೆ ಎರವಾಗುವ ಸಾಹಸ. ವೈದ್ಯರು ಬೇರೆ ಔಷಧದ ಆಸರೆ ಕೊಟ್ಟು, ವಿಟಮಿನ್ ಬಿ-1 ಕೊಟ್ಟು, ದಿನದಿನವೂ ಪ್ರಮಾಣವನ್ನು ಇಳಿಸುತ್ತ ಈ ಕಣಿವೆಯನ್ನು ದಾಟಿಸುತ್ತಾರೆ. ಇದಕ್ಕೆ ಡಿಟಾಕ್ಸ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ನಂಜು ಇಳಿಸುವುದು.

ಎರಡನೆಯ ಪಾಠವನ್ನು ನಾವು ಇನ್ನೂ ಕಲಿತಿಲ್ಲ. ನಂಜು ಇಳಿಸುವುದಕ್ಕೆ ಸಾಮಾನ್ಯವಾಗಿ ಒಂದೆರಡು ವಾರ ಸಾಕು. ಆದರೆ ಅದು ಚಿಕಿತ್ಸೆಯ ಬಾಗಿಲು ಮಾತ್ರ, ಮನೆಯಲ್ಲ. ಉರಿಯುವ ಮನೆಯ ಬೆಂಕಿ ಆರಿಸಿದ ಮಾತ್ರಕ್ಕೆ ಮನೆ ಕಟ್ಟಿದಂತಾಗುವುದಿಲ್ಲ. ದೇಹದಿಂದ ಮದ್ಯ ಹೊರಟುಹೋದ ಮೇಲೂ ನಿದ್ರೆಯ ತೊಂದರೆ, ಮಂಕು, ಸಿಡುಕು, ಹಠಾತ್ತನೆ ಏಳುವ ತೀವ್ರ ಬಯಕೆ ತಿಂಗಳುಗಟ್ಟಲೆ ಕಾಡುತ್ತವೆ. ಹಳೆಯ ಗೆಳೆಯನ ದನಿ, ಸಂಬಳದ ದಿನದ ಸಂಜೆ, ರಾತ್ರಿ ಪಾಳಿ ಮುಗಿಸಿ ಹೊರಡುವ ಹೊತ್ತು, ಲಾರಿ ನಿಲ್ಲುವ ಢಾಬಾ, ಇವೆಲ್ಲವೂ ಆ ಬಯಕೆಯನ್ನು ಎಬ್ಬಿಸುತ್ತವೆ. ವಾಡಿಯ ಸಿಮೆಂಟ್ ಕಾರ್ಮಿಕನಾಗಲಿ, ಶಹಾಬಾದಿನ ಕಲ್ಲುಗಣಿಯಲ್ಲಿ ಬಂಡೆ ಎಬ್ಬಿಸುವವನಾಗಲಿ, ಮೂವತ್ತು ದಿನ ಬೇರೆಡೆ ಇದ್ದು ಮೂವತ್ತೊಂದನೆಯ ದಿನ ಅದೇ ಬೀದಿಗೆ, ಅದೇ ಗೆಳೆಯರ ನಡುವೆ, ಅದೇ ಸಾಲದ ಹೊರೆಗೆ ಮರಳುತ್ತಾನೆ. ನಿಜವಾದ ಪರೀಕ್ಷೆ ಆ ದಿನ ಆರಂಭವಾಗುತ್ತದೆ. ನಮ್ಮ ಚಿಕಿತ್ಸೆಯೋ ಅದೇ ದಿನ ಮುಗಿಯುತ್ತದೆ!

ಲೋಕದ ಅನುಭವ ಏನೆನ್ನುತ್ತದೆ? ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ತನ್ನ ಮಾರ್ಗದರ್ಶಿ ತತ್ವಗಳಲ್ಲಿ, ತೊಂಬತ್ತು ದಿನಗಳಿಗಿಂತ ಕಡಿಮೆ ಅವಧಿಯ ಚಿಕಿತ್ಸೆಯ ಪರಿಣಾಮ ಸೀಮಿತವೆಂದೂ, ಬಾಳುವ ಫಲಕ್ಕೆ ಇನ್ನೂ ದೀರ್ಘ ಅವಧಿ ಬೇಕೆಂದೂ ಹೇಳಿದೆ. 2000ದಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಮೆಕ್ಲೆಲನ್ ಮತ್ತು ಸಂಗಡಿಗರು ಮಾದಕ ಅವಲಂಬನೆಯನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸಗಳ ಜೊತೆಗಿಟ್ಟು ಹೋಲಿಸಿದರು. ರೋಗ ಮರುಕಳಿಸುವುದರಲ್ಲಾಗಲಿ, ವೈದ್ಯರ ಮಾತಿನಂತೆ ನಡೆಯದಿರುವುದರಲ್ಲಾಗಲಿ ವ್ಯಸನಿಯು ಉಳಿದ ಮೂವರು ರೋಗಿಗಳಿಗಿಂತ ಬಹಳ ಬೇರೆಯಲ್ಲವೆಂದು ಅವರು ತೋರಿಸಿದರು. ಶಿಕಾಗೋದಲ್ಲಿ ಸಾವಿರಕ್ಕೂ ಮಿಕ್ಕಿದ ವ್ಯಸನಿಗಳನ್ನು ಎಂಟು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಿಟ್ಟು ಒಂದು ವರ್ಷವೂ ಆಗಿರದವರಲ್ಲಿ ಹೆಚ್ಚಿನವರು ಮತ್ತೆ ಜಾರುತ್ತಾರೆ. ವರ್ಷ ದಾಟಿದಂತೆ ಜಾರುವವರ ಸಂಖ್ಯೆ ಇಳಿಯುತ್ತದೆ. ಐದು ವರ್ಷ ದಾಟಿದವರಲ್ಲಿ ಜಾರುವವರು ಬಹಳ ಕಡಿಮೆ ಎಂಬುದು ಅದರ ಸಾರ. ಸಹನೆಗೆ ಇಷ್ಟು ದೊಡ್ಡ ಪ್ರತಿಫಲವಿರುವಾಗ ನಾವು ಮೂವತ್ತನೆಯ ದಿನಕ್ಕೆ ಪುಸ್ತಕ ಮುಚ್ಚುವುದೇಕೆ?

ಕುಂಚಾವರಂನ ಆ ತಾಯಿಗೆ ಈ ಅಧ್ಯಯನಗಳ ಹೆಸರು ತಿಳಿಯದು. ಆದರೆ ವಿದ್ವಾಂಸರು ಹೇಳಿದ್ದನ್ನೇ ಅವರು ಮಸೀದಿಯ ಬಾಗಿಲಲ್ಲಿ ನಿಂತು ಕೇಳಿದ್ದರು.

ಇಲ್ಲಿ ನಮ್ಮವರ ಆಕ್ಷೇಪಗಳನ್ನು ಒಂದೊಂದಾಗಿ ಎದುರಿಸೋಣ.

ಮೊದಲ ಆಕ್ಷೇಪ ಧರ್ಮದ ಹೆಸರಿನದು. ಮದ್ಯ ಹರಾಮ್, ಕುಡಿದವನು ಪಾಪಿ, ರೋಗಿಯಲ್ಲ, ಅವನಿಗೆ ಬೇಕಾದುದು ತೌಬಾ, ಆಸ್ಪತ್ರೆಯಲ್ಲ ಎನ್ನುತ್ತಾರೆ. ಮದ್ರಸದ ಚಾಪೆಯ ಮೇಲೆ ಕುಳಿತು ಕಲಿತ ನಮಗೆ ಈ ವಾದದ ಅರ್ಧ ಸತ್ಯವೂ ಗೊತ್ತು, ಅದು ಮರೆಮಾಚುವ ಇನ್ನರ್ಧವೂ ಗೊತ್ತು. ಮದ್ಯ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ನಿಷೇಧವೇ ಯಾವ ಕ್ರಮದಲ್ಲಿ ಇಳಿದುಬಂತೆಂಬುದನ್ನು ನೋಡಿರಿ. ಮೊದಲು ಅಲ್ ಬಕರಾ ಅಧ್ಯಾಯದಲ್ಲಿ ಅದರ ಕೆಡುಕು ಒಳಿತಿಗಿಂತ ಹಿರಿದೆಂಬ ಎಚ್ಚರಿಕೆ. ಅನಂತರ ಅನ್ನಿಸಾ ಅಧ್ಯಾಯದಲ್ಲಿ ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬಾರದೆಂಬ ಆಜ್ಞೆ. ಕೊನೆಗೆ ಅಲ್ ಮಾಇದಾ ಅಧ್ಯಾಯದಲ್ಲಿ ಸಂಪೂರ್ಣ ನಿಷೇಧ. ಮನುಷ್ಯನನ್ನು ಸೃಷ್ಟಿಸಿದವನಿಗೆ ಮನುಷ್ಯನ ದುರ್ಬಲತೆ ತಿಳಿದಿತ್ತು. ಮೊದಲ ದಿನವೇ ಕುಡಿಯಬೇಡಿರೆಂಬ ಆಜ್ಞೆ ಬಂದಿದ್ದರೆ ಜನ ತಾವೆಂದೂ ಬಿಡೆವೆನ್ನುತ್ತಿದ್ದರೆಂದು ಹಝ್ರತ್ ಆಯಿಶಾ(ರ) ವಿವರಿಸಿದ್ದಾರೆ. ಇಂದು ನಿಷೇಧವನ್ನು ಸಡಿಲಿಸಬೇಕೆಂದು ನಾವು ಹೇಳುತ್ತಿಲ್ಲ. ಆಜ್ಞೆ ಪೂರ್ಣಗೊಂಡಿದೆ. ಆದರೆ ಆಜ್ಞೆಯನ್ನು ಪಾಲಿಸುವ ಶಕ್ತಿಯನ್ನು ರೋಗಿಯಲ್ಲಿ ಮರಳಿ ಬೆಳೆಸಲು ಸಮಯ ಬೇಕೆಂಬುದು ಆ ಇತಿಹಾಸದಲ್ಲೇ ಇರುವ ಪಾಠ.

ಪದೇ ಪದೇ ಕುಡಿದು ಸಿಕ್ಕಿಬೀಳುತ್ತಿದ್ದ ವ್ಯಕ್ತಿಯೊಬ್ಬನನ್ನು ಪ್ರವಾದಿ(ಸ)ಯವರ ಮುಂದೆ ತಂದಾಗ ಯಾರೋ ಅವನನ್ನು ಶಪಿಸಿದರು. ಪ್ರವಾದಿವರ್ಯರು(ಸ) ಶಪಿಸಿದವನನ್ನೇ ತಡೆದರು. ಆ ಮನುಷ್ಯನ ಎದೆಯಲ್ಲಿ ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಪ್ರೀತಿಯಿದೆಯೆಂದು ಸಾಕ್ಷಿ ನುಡಿದರು. ಶಿಕ್ಷೆಯಿತ್ತು, ಬಹಿಷ್ಕಾರವಿರಲಿಲ್ಲ. ನಾವೋ ಎರಡನೆಯ ಸಲ ಜಾರಿದವನಿಗೆ ಸಲಾಮ್ ಹೇಳುವುದನ್ನೂ ಬಿಡುತ್ತೇವೆ. ಹಾಗಾದರೆ ಅವನಿಗೆ ಸಲಾಮ್ ಹೇಳುವವರು ಯಾರು? ಬಾರಿನ ಬಾಗಿಲಲ್ಲಿ ಕುಳಿತ ಹಳೆಯ ಗೆಳೆಯರು!

ತೌಬಾ ಮತ್ತು ಚಿಕಿತ್ಸೆ ಒಂದಕ್ಕೊಂದು ಎದುರಾದವಲ್ಲ. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನಲ್ಲಿ ಭರವಸೆಯಿಡಬೇಕೆಂಬ ಬೋಧನೆ ನಮ್ಮ ಮಕ್ಕಳಿಗೂ ಬಾಯಿಪಾಠ. ತೌಬಾ ದಿಕ್ಕನ್ನು ಬದಲಿಸುತ್ತದೆ, ಚಿಕಿತ್ಸೆ ಆ ದಿಕ್ಕಿನಲ್ಲಿ ನಡೆಯಲು ಕಾಲು ಕೊಡುತ್ತದೆ.

ಎರಡನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಅಡ್ಡದಾರಿಗಳ ಸರಮಾಲೆ. ಮುಸ್‌ಹಫ್ ಮುಟ್ಟಿಸಿ ಆಣೆ ಮಾಡಿಸುವುದು. ತಾಯಿತ ಕಟ್ಟಿಸುವುದು. ನಲವತ್ತು ದಿನ ಜಮಾಅತ್‌ನಲ್ಲಿ ಕಳುಹಿಸುವುದು. ಪಾಸ್‌ಪೋರ್ಟ್ ಮಾಡಿಸಿ ಗಲ್ಫ್‌ಗೆ ಅಟ್ಟುವುದು. ಎಲ್ಲಕ್ಕಿಂತ ಘೋರವಾದುದು, ಮದುವೆ ಮಾಡಿದರೆ ಸರಿಹೋದಾನೆಂದು ಬಡವರ ಮನೆಯ ಹೆಣ್ಣುಮಗಳೊಬ್ಬಳನ್ನು ತಂದು ಅವನ ಕೈಗಿಡುವುದು. ದಅವಾ ಕಾರ್ಯದಲ್ಲಿ ಹೊರಡುವುದು ಪುಣ್ಯದ ಕೆಲಸ, ಆದರೆ ಅದು ಆಸ್ಪತ್ರೆಯ ಬದಲಿಯಲ್ಲ. ಸಕ್ಕರೆ ರೋಗಿಯನ್ನು ಇನ್ಸುಲಿನ್ ಬಿಡಿಸಿ ನಾವು ಜಮಾಅತ್‌ಗೆ ಕಳುಹಿಸುವುದಿಲ್ಲವಲ್ಲ? ಇನ್ನು ಮದುವೆಯ ಮಾತು. ವರನ ವ್ಯಸನವನ್ನು ಬಚ್ಚಿಟ್ಟು ನಿಕಾಹ್ ಓದಿಸುವುದು ಚಿಕಿತ್ಸೆಯಲ್ಲ, ವಂಚನೆ. ಒಬ್ಬ ರೋಗಿಯಿದ್ದ ಮನೆಯಲ್ಲಿ ಅದು ಇಬ್ಬರು ಸಂತ್ರಸ್ತರನ್ನು ಸೃಷ್ಟಿಸುತ್ತದೆ.

ಇನ್ನೂ ಒಂದು ಅಪಾಯದ ಬಗ್ಗೆ ತಾಯಂದಿರನ್ನು ಎಚ್ಚರಿಸುವುದು ನಮ್ಮ ಹೊಣೆ. ಕುಡಿತ ಬಿಡಿಸುತ್ತದೆಂದು ಗೊತ್ತಾಗದಂತೆ ಚಹಾದಲ್ಲೋ ಸಾರಿನಲ್ಲೋ ಬೆರೆಸುವ ಪುಡಿ, ಮಾತ್ರೆಗಳು ಗುಟ್ಟಾಗಿ ಮಾರಾಟವಾಗುತ್ತವೆ. ಡೈಸಲ್ಫಿರಾಮ್ ಎಂಬ ಔಷಧ ದೇಹದಲ್ಲಿದ್ದಾಗ ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಅದನ್ನು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕು. ಬಯಕೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ಗಳಂತಹ ಔಷಧಗಳೂ ಇವೆ. ಅವುಗಳನ್ನು ತಿಂಗಳುಗಟ್ಟಲೆ ಸೇವಿಸಬೇಕಾಗುತ್ತದೆ. ಹೆರಾಯಿನ್‌ನಂತಹ ಅಫೀಮು ವರ್ಗದ ವ್ಯಸನಕ್ಕೆ ಬ್ಯೂಪ್ರಿನಾರ್ಫಿನ್ ಕೊಡುವಾಗ ಕೆಲವರಿಗೆ ವರ್ಷಗಳೇ ಬೇಕು. ಒಂದು ಚಟದ ಬದಲು ಇನ್ನೊಂದು ಚಟವೆಂದು ಮನೆಯವರು ಆ ಔಷಧವನ್ನು ನಡುವೆ ನಿಲ್ಲಿಸಿಬಿಡುವುದುಂಟು. ಅದರ ಪರಿಣಾಮ ಭೀಕರ. ಬಿಟ್ಟ ಅವಧಿಯಲ್ಲಿ ದೇಹದ ತಾಳುವ ಶಕ್ತಿ ತಗ್ಗಿರುತ್ತದೆ. ಜಾರಿದ ದಿನ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಅರ್ಧ ಚಿಕಿತ್ಸೆ ಕೆಲವೊಮ್ಮೆ ಚಿಕಿತ್ಸೆ ಇಲ್ಲದಿರುವುದಕ್ಕಿಂತ ಅಪಾಯಕಾರಿ ಎನ್ನುವುದು ಇದಕ್ಕಾಗಿ.

ಮೂರನೆಯ ಆಕ್ಷೇಪ ಹಣದ್ದು. ವರ್ಷಗಟ್ಟಲೆ ಒಬ್ಬನನ್ನು ಕೇಂದ್ರದಲ್ಲಿಟ್ಟು ಸಾಕಲು ಯಾವ ಜಮಾಅತ್‌ಗೆ ಸಾಧ್ಯ? ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ದೀರ್ಘ ಚಿಕಿತ್ಸೆಯೆಂದರೆ ದೀರ್ಘ ಬಂಧನವಲ್ಲ. ಒಳರೋಗಿಯಾಗಿ ಇರಬೇಕಾದ ಅವಧಿ ಹಲವರಿಗೆ ಕೆಲವು ವಾರಗಳು ಮಾತ್ರ. ಕೆಲವರಿಗೆ ಇನ್ನೂ ಹೆಚ್ಚು. ಉಳಿದುದೆಲ್ಲ ಮನೆಯಲ್ಲಿದ್ದುಕೊಂಡೇ ನಡೆಯುವ ಚಿಕಿತ್ಸೆ. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ವೈದ್ಯರ ಭೇಟಿ, ಔಷಧ, ಸಮಾಲೋಚನೆ, ಮನೆಯವರಿಗೆ ತಿಳಿವಳಿಕೆ, ಬಿಟ್ಟವರ ಕೂಟ, ದುಡಿಯಲು ಒಂದು ಕೆಲಸ. ಬಸ್ಸಿನ ಖರ್ಚು, ಔಷಧದ ಖರ್ಚು, ಹೋದ ದಿನದ ಕೂಲಿ, ಇಷ್ಟು ಕೊಟ್ಟರೆ ವರ್ಷದ ನೆರವಾಗುತ್ತದೆ. ಆದರೆ ನಮ್ಮ ಬೈತುಲ್ ಮಾಲ್‌ಗಳು ಖಾಸಗಿ ಕೇಂದ್ರದ ಒಂದು ತಿಂಗಳ ಬಿಲ್ಲಿಗೆ ಚೆಕ್ ಬರೆಯುತ್ತವೆ. ಮುಂದಿನ ಹನ್ನೊಂದು ತಿಂಗಳ ಬಸ್ಸಿನ ಚಾರ್ಜಿಗೆ ಕೈ ಬಿಚ್ಚುವುದಿಲ್ಲ. ಬಡ ರೋಗಿ ಝಕಾತ್‌ಗೆ ಅರ್ಹನೆಂಬುದರಲ್ಲಿ ಸಂದೇಹವಿಲ್ಲ. ಹಣವನ್ನು ಕುಡುಕನ ಕೈಗೆ ಕೊಡುವುದು ಹೇಗೆಂಬ ಅಳುಕಿದ್ದರೆ ಔಷಧದಂಗಡಿಗೆ ನೇರವಾಗಿ ಕೊಡಿರಿ.

ಕೂಡಿಹಾಕುವುದೇ ಚಿಕಿತ್ಸೆಯೆಂದು ನಂಬಿದವರು 2001ರ ಆಗಸ್ಟ್ 6ನ್ನು ನೆನಪಿಸಿಕೊಳ್ಳಲಿ. ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿ ನಡೆಯುತ್ತಿದ್ದ ಖಾಸಗಿ ಆಶ್ರಯವೊಂದಕ್ಕೆ ಅಂದು ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಲಾಗಿದ್ದ 28 ಮಾನಸಿಕ ರೋಗಿಗಳು ಪ್ರಾಣ ತೆತ್ತರು. ಓಡಲು ಅವರಿಗೆ ಕಾಲುಗಳಿದ್ದವು, ಕಾಲುಗಳಿಗೆ ಸರಪಳಿಯೂ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳೂ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಅಂದರೆ ಈ ದೇಶದ ಕಾನೂನು ವ್ಯಸನಿಯನ್ನು ರೋಗಿಯೆಂದು ಒಪ್ಪಿದೆ. ಒಪ್ಪದಿರುವುದು ನಾವು. ಯಾವುದೇ ಕೇಂದ್ರಕ್ಕೆ ಮಗನನ್ನು ಒಪ್ಪಿಸುವ ಮುನ್ನ ಅದಕ್ಕೆ ನೋಂದಣಿ ಇದೆಯೇ, ಮನೋವೈದ್ಯರು ಬರುತ್ತಾರೆಯೇ, ಮನೆಯವರ ಭೇಟಿಗೆ ಅವಕಾಶವಿದೆಯೇ, ಬಿಡುಗಡೆಯ ನಂತರ ಯಾರು ವಿಚಾರಿಸುತ್ತಾರೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ನಾಲ್ಕನೆಯದಕ್ಕೆ ಉತ್ತರವಿಲ್ಲದಿದ್ದರೆ ಅದು ಚಿಕಿತ್ಸೆಯ ಕೇಂದ್ರವಲ್ಲ, ವಸತಿಗೃಹ.

ಅನುಸರಣೆಯ ಬೆಲೆಯನ್ನು ಬಲ್ಲವರು ನಮ್ಮ ನೆರೆಯಲ್ಲೇ ಇದ್ದಾರೆ. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು ಕುಡಿತಕ್ಕೆ ಗಂಡನನ್ನು ಕಳೆದುಕೊಂಡ ಬಳಿಕ 1980ರಲ್ಲಿ ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಆರಂಭಿಸಿದರು. ಅಲ್ಲಿ ರೋಗಿಯ ಮನೆಯವರೂ ಚಿಕಿತ್ಸೆಯಲ್ಲಿ ಪಾಲ್ಗೊಳ್ಳುತ್ತಾರೆ. ಬಿಡುಗಡೆಯ ನಂತರವೂ ಸಂಪರ್ಕ ಮುಂದುವರಿಯುತ್ತದೆ. ನಮ್ಮ ರಾಜ್ಯದಲ್ಲೇ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಿವೆ. ಎಂಟು ದಿನ ಸಾಲದೆಂಬುದನ್ನು ಅವರು ಬಲ್ಲರು. ಆದುದರಿಂದಲೇ ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸಿ ಮತ್ತೆ ಮತ್ತೆ ಸಭೆ ಸೇರಿಸುತ್ತಾರೆ. ಒಳ್ಳೆಯ ಮಾತು ಎಲ್ಲಿ ಸಿಕ್ಕರೂ ಅದು ಮೂಮಿನನ ಕಳೆದುಹೋದ ಸೊತ್ತು ಎನ್ನುವ ನಾವು ಇದನ್ನು ನೋಡಿ ಕಲಿಯಲು ಹಿಂಜರಿಯುವುದೇಕೆ? ಐದು ಹೊತ್ತು ಒಂದೇ ಮೊಹಲ್ಲಾದ ಜನ ಒಂದೇ ಸೂರಿನಡಿ ಸೇರುವ ಏರ್ಪಾಡು ನಮ್ಮಲ್ಲಿ ಮೊದಲೇ ಇದೆ. ನಿನ್ನೆ ಇದ್ದವನು ಇಂದು ಕಾಣದಿದ್ದರೆ ಅವನ ಮನೆಯ ಬಾಗಿಲು ತಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾರ ಬಳಿಯಿದೆ?

ನಮ್ಮಲ್ಲಿ ಕುಡುಕರೇ ಇಲ್ಲವೆಂಬ ಕೊನೆಯ ಆಕ್ಷೇಪಕ್ಕೆ ಹೆಚ್ಚು ಸ್ಥಳ ಕೊಡಲಾರೆವು. ಗ್ಯಾರೇಜು, ಪಂಕ್ಚರ್ ಅಂಗಡಿಗಳಲ್ಲಿ ದುಡಿಯುವ ನಮ್ಮ ಬಾಲಕರ ಕೈಯಲ್ಲಿರುವ ಬಟ್ಟೆಯ ತುಂಡನ್ನು ಮೂಸಿ ನೋಡಿರಿ. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ ಅಲ್ಲಿರಬಹುದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಯಸ್ಕರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡುಬಂದ ಏಕೈಕ ಚಟ ಹೀಗೆ ಮೂಸುವ ಪದಾರ್ಥಗಳದು: ಮಕ್ಕಳಲ್ಲಿ ಶೇ. 1.17, ವಯಸ್ಕರಲ್ಲಿ ಶೇ. 0.58. ಅದೇ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಈ ಅಂಕಿಯ ಮುಂದೆ ಸರಕಾರವನ್ನು ಕೇಳದೆ ಬಿಡಲಾಗದು. ಪಾನನಿಷೇಧಕ್ಕಾಗಿ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಪ್ರಭುತ್ವಕ್ಕೆ ನಿರ್ದೇಶಿಸಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಬಡವನ ಪ್ಯಾಕೆಟ್ಟು ಹೋಗಿ ಅಗ್ಗದ ವಿಸ್ಕಿಯ ಬಾಟಲಿ ಬಂತು, ಅಬಕಾರಿ ವರಮಾನ ಏರುತ್ತಲೇ ಹೋಯಿತು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಸಾಗಿ ಮದ್ಯ ನಿಷೇಧಿಸಿರೆಂದು ಬೇಡಿದರು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹದ ಗುರಿ ಇಡಲಾಯಿತು. ಪ್ರತಿ ಹಳ್ಳಿಯಿಂದಲೂ ಈ ಹಣ ಎತ್ತುವ ಸರಕಾರಕ್ಕೆ ಕುಂಚಾವರಂನ ರೋಗಿಗೆ ತಾಲೂಕು ಕೇಂದ್ರದಲ್ಲೇ ವರ್ಷವಿಡೀ ಔಷಧ ಮತ್ತು ಸಮಾಲೋಚಕರನ್ನು ಒದಗಿಸುವುದು ಭಾರವಾಗಲಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ತಲುಪಿಸಲೆಂದು ಮನೋಚೈತನ್ಯ ಯೋಜನೆಯನ್ನೂ ರೂಪಿಸಲಾಯಿತು. ಈ ಸೌಲಭ್ಯಗಳು ನಮ್ಮ ತಾಲೂಕಿನಲ್ಲಿ ನಿಜವಾಗಿ ದೊರೆಯುತ್ತಿವೆಯೇ, ಔಷಧ ತಪ್ಪದೆ ಸಿಗುತ್ತಿದೆಯೇ ಎಂದು ಹೋಗಿ ಕೇಳುವ ಒಂದು ನಿಯೋಗವನ್ನಾದರೂ ನಮ್ಮ ಜಮಾಅತ್‌ಗಳು ಕಳುಹಿಸಿವೆಯೇ? ಚುನಾವಣೆಯ ಹೊತ್ತಿಗೆ ಖಬರಸ್ತಾನದ ಕಾಂಪೌಂಡ್ ಗೋಡೆಯನ್ನು ಕೇಳುವ ನಾವು, ಖಬರಸ್ತಾನಕ್ಕೆ ಅಕಾಲದಲ್ಲಿ ಬರುವವರನ್ನು ತಡೆಯುವ ಏರ್ಪಾಡನ್ನೂ ಒಮ್ಮೆ ಕೇಳಬೇಡವೇ?

ಪೊಲೀಸರ ಭಯದಿಂದ ಮಗನ ಗಾಂಜಾ, ಮಾತ್ರೆಗಳ ಚಟವನ್ನು ಮುಚ್ಚಿಡುವ ಪೋಷಕರು ಇನ್ನೊಂದು ಸಂಗತಿ ತಿಳಿದಿರಬೇಕು. 1985ರ ಮಾದಕ ವಸ್ತು ಕಾಯ್ದೆಯ 64ಎ ಸೆಕ್ಷನ್, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ವಿನಾಯಿತಿ ನೀಡುತ್ತದೆ. ಆದರೆ ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. ಅಂದರೆ ಪೂರ್ಣ ಚಿಕಿತ್ಸೆಯ ಮಹತ್ವವನ್ನು ಕಾನೂನೂ ಬಲ್ಲದು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೋ, ಟೆಲಿ ಮಾನಸ್‌ನ 14416ಕ್ಕೋ ಕರೆ ಮಾಡಬಹುದು.

ಜಮಾಅತ್‌ಗಳ ಹೊಣೆಗಾರರಲ್ಲಿ ನಮ್ಮ ಬೇಡಿಕೆ ಇಷ್ಟೇ. ವ್ಯಸನಿಯ ನೆರವನ್ನು ತಿಂಗಳ ಲೆಕ್ಕದಲ್ಲಿ ಮಂಜೂರು ಮಾಡುವುದನ್ನು ನಿಲ್ಲಿಸಿ ವರ್ಷದ ಲೆಕ್ಕದಲ್ಲಿ ಮಂಜೂರು ಮಾಡಿರಿ. ಒಬ್ಬ ರೋಗಿಗೆ ಇಬ್ಬರು ಜೊತೆಗಾರರನ್ನು ನೇಮಿಸಿರಿ. ಆಸ್ಪತ್ರೆಯ ದಿನ ಅವರಲ್ಲೊಬ್ಬರು ಅವನ ಜೊತೆ ಬಸ್ಸು ಹತ್ತಲಿ. ಜಾರಿದ ದಿನ ಅವನ ಹೆಸರನ್ನು ಪಟ್ಟಿಯಿಂದ ಹೊಡೆಯಬೇಡಿರಿ, ವೈದ್ಯರ ಬಳಿಗೆ ಮರಳಿ ಕರೆದೊಯ್ಯಿರಿ. ಅವನ ಗುಟ್ಟನ್ನು ಅಂಗಡಿಕಟ್ಟೆಗೆ ತರಬೇಡಿರಿ. ವರ್ಷ ದಾಟಿದವನಿಗೆ ಕೆಲಸ ಕೊಡಿಸಿರಿ, ಹೊಸದಾಗಿ ಬಿಡಲು ಹೊರಟವನ ಜೊತೆಗಾರನನ್ನಾಗಿ ಅವನನ್ನೇ ಮಾಡಿರಿ. ಖತೀಬರು ವರ್ಷದಲ್ಲಿ ಒಂದು ಖುತ್ಬಾವನ್ನಾದರೂ ಮದ್ಯದ ಪಾಪದ ಬಗ್ಗೆಯಲ್ಲ, ಮದ್ಯ ಬಿಟ್ಟವನ ಜೊತೆ ನಾವು ಹೇಗೆ ನಡೆದುಕೊಳ್ಳಬೇಕೆಂಬುದರ ಬಗ್ಗೆ ಮೀಸಲಿಡಲಿ.

ಆ ತಾಯಿಯ ಅರ್ಜಿ ಮುಂದಿನ ಸಭೆಗೆ ಬರಲಿದೆ. ಅವರ ಮಗ ನಾಲ್ಕು ತಿಂಗಳು ಕುಡಿಯದೆ ಇದ್ದನೆಂಬುದನ್ನು ಅಂದು ಯಾರೂ ಗಮನಿಸಲಿಲ್ಲ. ಐದನೆಯ ತಿಂಗಳ ಬಗ್ಗೆಯೇ ಎಲ್ಲರೂ ಮಾತನಾಡಿದರು. ಒಂಬತ್ತು ವರ್ಷ ಬಿಡದೆ ಕುಡಿದವನು ಯಾವ ಆಸರೆಯೂ ಇಲ್ಲದೆ ನಾಲ್ಕು ತಿಂಗಳು ತಾಳಿದ್ದಾನೆ. ಆ ನಾಲ್ಕು ತಿಂಗಳಲ್ಲಿ ಸಮಿತಿಯ ಒಬ್ಬರಾದರೂ ಅವನ ಮನೆಗೆ ಹೋಗಿ ಹೇಗಿದ್ದೀಯ ಮಗಾ ಎಂದು ಕೇಳಿದ್ದುಂಟೇ? ಅರ್ಜಿಯ ಮೇಲೆ ಷರಾ ಬರೆಯುವ ಮೊದಲು ಸದರ್ ಸಾಹೇಬರು ಈ ಪ್ರಶ್ನೆಯನ್ನು ತಮಗೂ ತಮ್ಮ ಸಂಗಡಿಗರಿಗೂ ಕೇಳಿಕೊಳ್ಳಲಿ.